ನೀಲಾಳ ಅವ್ವನಿಗೆ ನಾನು ತಲುಪಿಸದ ಮಾತು

ಹಾನಗಲ್ಲಿನ ವೈದ್ಯರು ನೀಲಾಳ ಬಗ್ಗೆ ಹೇಳಿದ್ದನ್ನು ನಾನು ಅವಳ ತಾಯಿಗೆ ಹೇಳಲಿಲ್ಲ. ಹೇಳಲಿಲ್ಲ ಎಂದಷ್ಟೇ ಬರೆದರೆ ಅದೂ ಪೂರ್ತಿ ನಿಜವಾಗುವುದಿಲ್ಲ — ಬೇರೆಯದನ್ನೇ ಹೇಳಿದೆ. ಹುಡುಗಿಯ ಮೈಯೊಳಗೆ ಉರಿಯೂತವಿದೆ, ಅದು ಬಂದಿರುವುದು ಅವಳ ಬೊಜ್ಜಿನಿಂದಲೇ, ಈಗ ಎಚ್ಚರ ವಹಿಸಿದರೆ ಇಳಿಯುತ್ತದೆ ಎಂದು ವೈದ್ಯರು ಅಂದಿದ್ದರು. ಏನೂ ಇಲ್ಲ ಎಂದು ನಾನು ಅಂದೆ. ಮರೆತು ಅಂದದ್ದಲ್ಲ, ತಪ್ಪು ತಿಳಿದು ಅಂದದ್ದೂ ಅಲ್ಲ. ಬಸ್ಸಿನಲ್ಲಿ ಕೂತು ಯೋಚಿಸಿ, ಏನು ಹೇಳಬೇಕೆಂದು ತೀರ್ಮಾನಿಸಿಕೊಂಡು, ಅವರ ಮನೆಯ ಕಟ್ಟೆಯ ಮೇಲೆ ಕೂತು ಹೇಳಿದೆ.

ಆಗ ನಾನು ಅಕ್ಕಿಆಲೂರಿನ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಶಿಕ್ಷಕಿ. ಮಕ್ಕಳೂ ಅವರ ತಂದೆತಾಯಿಯರೂ ನನ್ನನ್ನು ಅಕ್ಕೋರು ಎನ್ನುತ್ತಿದ್ದರು. ನಮ್ಮ ಕಡೆ ಶಿಕ್ಷಕಿಯರನ್ನೆಲ್ಲ ಹಾಗೆಯೇ ಕರೆಯುವುದು. ತರಬೇತಿ ಕಾಲೇಜಿನಲ್ಲಿ ನಾನು ಕುಸ್ತಿ ಕಲಿತಿದ್ದೆ. ಹುಡುಗಿಯರಿಗೆ ಕುಸ್ತಿ ಕಲಿಸಬೇಕೆಂಬುದು ನನ್ನ ಹಟವಾಗಿತ್ತು. ಮುಖ್ಯೋಪಾಧ್ಯಾಯರು ಬೇಡ ಎನ್ನಲಿಲ್ಲ, ನಕ್ಕರು. "ಖೋಖೋ ಐತಿ, ಥ್ರೋಬಾಲ್ ಐತಿ. ಹೆಣ್ಮಕ್ಕಳನ್ನ ಮಣ್ಣಾಗ ಯಾಕ ಹೊಳ್ಳಾಡಸ್ತೀರಿ ಮೇಡಂ?" ಊರಿನ ಗರಡಿಮನೆಯ ಹಿರಿಯರು ಇನ್ನೂ ಜೋರಾಗಿ ನಕ್ಕರು. ನಾನು ಅವರಿವರನ್ನು ಕೇಳಿ ಹಳೆಯ ಮ್ಯಾಟುಗಳನ್ನು ತರಿಸಿ, ಶಾಲೆಯ ಹಿಂದಿನ ಶೆಡ್ಡಿನಲ್ಲಿ ಹಾಸಿ, ಬಂದವರಿಗೆ ಕಲಿಸತೊಡಗಿದೆ. ಬಂದವರೇ ಬೆರಳೆಣಿಕೆಯಷ್ಟು, ಉಳಿದವರು ಇನ್ನೂ ಕಡಿಮೆ. ಒಬ್ಬಳಾದರೂ ಗೆದ್ದು ಬರಬೇಕು, ಈ ನಗು ನಿಲ್ಲಬೇಕು — ಆ ಆಸೆ ಹುಡುಗಿಯರದೋ ನನ್ನದೋ ಎಂದು ಆಗ ನಾನು ಕೇಳಿಕೊಂಡಿರಲಿಲ್ಲ.

ನೀಲಾ ಎಂಟನೆಯ ತರಗತಿಗೆ ಬಂದ ವರ್ಷ ಅದು. ಅವಳ ತಂದೆ ಗುಡ್ಡಪ್ಪ ಅಕ್ಕಿ ಗಿರಣಿಯೊಂದರಲ್ಲಿ ಟೆಂಪೊ ಓಡಿಸುತ್ತಿದ್ದ. ತಾಯಿ ಹಾಲವ್ವ ಅದೇ ಗಿರಣಿಯಲ್ಲಿ ಅಕ್ಕಿ ಹಸನು ಮಾಡುವ ಕೆಲಸಕ್ಕೆ ಹೋಗುತ್ತಿದ್ದಳು. ನೀಲಾ ಆ ವಯಸ್ಸಿಗೇ ಬಹಳ ದಪ್ಪಗಿದ್ದಳು. ಹುಡುಗರು ಅವಳನ್ನು ಮೂಟೆ ಎನ್ನುತ್ತಿದ್ದರು. ಗಿರಣಿಯಲ್ಲಿ ದುಡಿಯುವವರ ಮಗಳಾದ್ದರಿಂದ ಆ ಹೆಸರು ಬೇಗ ಅಂಟಿತು. ಕವಾಯತಿನ ಸಾಲಿನಲ್ಲಿ ಅವಳು ತಾನಾಗಿಯೇ ಕೊನೆಗೆ ಹೋಗಿ ನಿಲ್ಲುತ್ತಿದ್ದಳು. ಅವಳ ಕುತ್ತಿಗೆಯ ಹಿಂಭಾಗ ಮಸಿ ಹಚ್ಚಿದಂತೆ ಕಪ್ಪಾಗಿತ್ತು. ಸ್ನಾನ ಮಾಡುವಾಗ ಸರಿಯಾಗಿ ತಿಕ್ಕಿಕೊಳ್ಳುವುದಿಲ್ಲವೇ ಎಂದು ನಾನೂ ಒಮ್ಮೆ ಎಲ್ಲರೆದುರು ಬೈದಿದ್ದೆ. ಹಾಲವ್ವ ಕಡಲೆಹಿಟ್ಟು ಹಚ್ಚಿ, ಆಮೇಲೆ ನಾರಿನಿಂದ, ಚರ್ಮ ಕೆಂಪಾಗುವವರೆಗೆ ತಿಕ್ಕುತ್ತಿದ್ದಳೆಂದು ನಂತರ ತಿಳಿಯಿತು.

ಹಾಲವ್ವನಿಗೆ ನೀಲಾಳಿಗಿಂತ ಮೊದಲು ಒಂದು ಗಂಡುಮಗು ಆಗಿತ್ತು. ಅದು ಹಾಲು ದಕ್ಕದೆ, ಅನ್ನ ದಕ್ಕದೆ, ಒಣಗಿ ಹೋಯಿತು. ಮಡಿಲಲ್ಲಿಟ್ಟುಕೊಂಡರೆ ಮಗುವಿನ ಎಲುಬು ತನ್ನ ತೊಡೆಗೆ ಒತ್ತುತ್ತಿತ್ತು ಎಂದು ಅವಳು ನನಗೆ ಹೇಳಿದ್ದಳು. ಹೀಗಾಗಿ ನೀಲಾ ಹುಟ್ಟಿ ಮೈ ತುಂಬಿಕೊಳ್ಳತೊಡಗಿದಾಗ ಅವಳಿಗೆ ಅದು ದಪ್ಪವಾಗಿ ಕಾಣಲಿಲ್ಲ. ಬದುಕುವ ಮಗುವಿನ ಗುರುತಾಗಿ ಕಂಡಿತು. ಗಿರಣಿಯಿಂದ ಸಿಗುವ ನುಚ್ಚಕ್ಕಿಯ ಅನ್ನ ಮೂರು ಹೊತ್ತೂ ಇರುತ್ತಿತ್ತು. ತಾಯಿ ಕೆಲಸದಿಂದ ಬರುವುದು ತಡವಾದರೆ ಬೇಕರಿಯ ಬನ್ನು, ಕರಿದ ತಿಂಡಿಯ ಪಾಕೀಟು, ಸಕ್ಕರೆ ಸುರಿದ ಚಹಾ. ಇದರಲ್ಲಿ ತಪ್ಪು ಹುಡುಕಲು ನಾನು ಇದನ್ನು ಬರೆಯುತ್ತಿಲ್ಲ. ಆ ಮನೆಯಲ್ಲಿ ಪ್ರೀತಿಯನ್ನು ತೋರಿಸಲು ಊಟವೊಂದೇ ದಾರಿಯಾಗಿತ್ತು.

ಒಂದು ದಿನ ನೀರಿನ ನಲ್ಲಿಯ ಹತ್ತಿರ ಹುಡುಗನೊಬ್ಬ ನೀಲಾಳನ್ನು ದೂಡಿ ಮುಂದೆ ಹೋಗಲು ನೋಡಿದ. ಅವಳು ಏನೂ ಮಾಡಲಿಲ್ಲ, ಕಾಲೂರಿ ನಿಂತಳು ಅಷ್ಟೆ. ಹುಡುಗ ತಾನೇ ಜಾರಿ ಬಿದ್ದ. ನಾನು ಅವಳ ಕಾಲುಗಳನ್ನು ನೋಡಿದೆ. ಹೆಗಲಿನ ಅಗಲ ನೋಡಿದೆ. ಆ ಸಂಜೆಯೇ ಅವಳನ್ನು ಶೆಡ್ಡಿಗೆ ಕರೆದೆ.

ಅವಳು ಬೇಗ ಕಲಿತಳು. ದಪ್ಪಗಿದ್ದವರು ನಿಧಾನ ಎನ್ನುತ್ತಾರೆ, ನೀಲಾ ನಿಧಾನವಿರಲಿಲ್ಲ. ಎದುರಾಳಿಯ ಭಾರ ಯಾವ ಕಾಲಿನ ಮೇಲಿದೆ ಎಂಬುದು ಅವಳ ಮೈಗೆ ತಾನಾಗಿ ತಿಳಿಯುತ್ತಿತ್ತು. ಸವಣೂರಿನಲ್ಲಿ ಮೊದಲ ಸಲ ಸ್ಪರ್ಧೆಗೆ ಕರೆದುಕೊಂಡು ಹೋದಾಗ ಗೆದ್ದು ಬಂದಳು. ಮರುದಿನದಿಂದ ಶಾಲೆಯಲ್ಲಿ ಮೂಟೆ ಎಂಬ ಹೆಸರು ಕೇಳಲಿಲ್ಲ. ಕವಾಯತಿನಲ್ಲಿ ಅವಳು ಮುಂದಿನ ಸಾಲಿಗೆ ಬಂದಳು — ನಾನು ಹೇಳದೆಯೇ. ಅಷ್ಟು ದಿನ ಬಗ್ಗಿಸಿಕೊಂಡೇ ಇದ್ದ ತಲೆಯನ್ನು ಎತ್ತಿ ನಡೆಯುವುದನ್ನು ನಾನು ನೋಡಿದೆ. ಅದು ನಿಜವಾದ ಸಂತೋಷವಾಗಿತ್ತು. ಅದನ್ನು ಸುಳ್ಳು ಎಂದು ಈಗ ಹೇಳಿಬಿಟ್ಟರೆ ನನಗೆ ಸುಲಭವಾಗಬಹುದು, ಆದರೆ ಹಾಗೆ ಹೇಳಲಾರೆ.

ಅವಳ ತೂಕದ ವರ್ಗದಲ್ಲಿ ಸ್ಪರ್ಧಿಗಳು ತೀರ ಕಡಿಮೆ. ಎಲ್ಲಕ್ಕಿಂತ ಹೆಚ್ಚು ತೂಕದ ಆ ವರ್ಗಕ್ಕೆ ನಮ್ಮ ಜಿಲ್ಲೆಯಲ್ಲಿ ಹುಡುಗಿಯರೇ ಸಿಗುತ್ತಿರಲಿಲ್ಲ. ಕೆಳಗಿನ ವರ್ಗಗಳಲ್ಲಿ ಪೈಲ್ವಾನರ ಮನೆತನದ ಹುಡುಗಿಯರಿದ್ದರು, ಐದಾರು ವರ್ಷದವರಿದ್ದಾಗಿನಿಂದ ಕಲಿತವರು. ಅಲ್ಲಿ ನೀಲಾ ಹಲವರಲ್ಲಿ ಒಬ್ಬಳಾಗುತ್ತಿದ್ದಳು. ಮೇಲಿನ ವರ್ಗದಲ್ಲಿ ಜಿಲ್ಲೆ ದಾಟಿದರೆ ರಾಜ್ಯ ಮಟ್ಟದಲ್ಲಿ ಒಂದು ಕುಸ್ತಿ ಗೆದ್ದರೂ ಪದಕ. ಈ ಲೆಕ್ಕ ನನಗೆ ಮೊದಲಿನಿಂದಲೂ ಗೊತ್ತಿತ್ತು. ಆದ್ದರಿಂದ ನಾನು ಅವಳಿಗೆ ತಿನ್ನಿಸಿದೆ. ಬಾಳೆಹಣ್ಣು, ಸಕ್ಕರೆ ಹಾಕಿದ ಹಾಲು, ತುಪ್ಪದ ಉಂಡೆ — ಮನೆಯಿಂದ ಮಾಡಿ ತಂದು ಕೊಡುತ್ತಿದ್ದೆ. ಅಭ್ಯಾಸ ಮುಗಿದ ಮೇಲೆ ಅವಳು ತಿನ್ನುವುದನ್ನು ನಿಂತು ನೋಡುತ್ತಿದ್ದೆ. "ಸಾಕ್ರಿ ಅಕ್ಕೋರ" ಎಂದರೆ, "ಇನ್ನೊಂದ್ ತಿನ್ನು" ಎನ್ನುತ್ತಿದ್ದೆ.

ಮುಂದಿನ ವರ್ಷ ಅವಳಿಗೆ ಮಂಡಿ ನೋಯತೊಡಗಿತು. ಅದಕ್ಕಿಂತ ಹೆಚ್ಚಾಗಿ ದಣಿವು. ಬೆಳಗಿನ ಪ್ರಾರ್ಥನೆಯಲ್ಲಿ ನಿಂತಲ್ಲೇ ಗೋಡೆಗೆ ಒರಗುತ್ತಿದ್ದಳು. ಹಾಲವ್ವ ಶಾಲೆಗೆ ಬಂದು, "ಅಕ್ಕೋರ, ನೀವ ಒಂದ್ಸಲ ದವಾಖಾನಿಗೆ ತೋರಿಸ್ಕೊಂಡ್ ಬರ್ರಿ. ನಾ ಹೋದ್ರ ಅವರು ಏನ್ ಹೇಳ್ತಾರ ಅನ್ನೋದ ನನಗ ತಿಳಿಯಂಗಿಲ್ಲ. ಸತ್ತ ಕೂಸಿಗೂ ಹಂಗ ಆತು — ಅವರು ಏನೋ ಅಂದ್ರು, ನಾ ಏನೋ ತಿಳಕೊಂಡ್ನಿ" ಎಂದಳು. ನಾನು ಒಪ್ಪಿಕೊಂಡೆ. ಅವಳು ನನ್ನ ಕೈಗೆ ಕೊಟ್ಟದ್ದು ಮಗಳನ್ನಷ್ಟೇ ಅಲ್ಲ. ತನ್ನ ಕಿವಿಯನ್ನೂ ಕೊಟ್ಟಿದ್ದಳು.

ಹಾನಗಲ್ಲಿನಲ್ಲಿ ಮಕ್ಕಳ ವೈದ್ಯರೊಬ್ಬರಿದ್ದರು. ವಯಸ್ಸಾದವರು, ಸಾವಕಾಶ ಮಾತಾಡುವವರು. ಮೊದಲ ಸಲ ರಕ್ತ ಪರೀಕ್ಷೆ ಮಾಡಿಸಿ, ಮಂಡಿಗೆ ಔಷಧಿ ಕೊಟ್ಟು, ಕೆಲವು ವಾರ ಬಿಟ್ಟು ಮತ್ತೆ ಬರಲು ಹೇಳಿದರು. ಎರಡನೆಯ ಸಲ ಹೋದಾಗ ಮತ್ತೊಮ್ಮೆ ರಕ್ತ ನೋಡಿಸಿದರು. ಫಲಿತಾಂಶ ಬಂದ ಮೇಲೆ ನೀಲಾಳನ್ನು ಹೊರಗಿನ ಬೆಂಚಿನ ಮೇಲೆ ಕೂರಲು ಹೇಳಿ, ನನ್ನನ್ನು ಒಳಗೆ ಕರೆದರು.

"ಹಿಂದಿನ ಸಲ ರಕ್ತದಾಗ ಉರಿಯೂತದ ಗುರುತು ಹೆಚ್ಚಿತ್ರಿ. ಜ್ವರ ಬಂದು ಹೋಗಿರಬೇಕು, ಎಲ್ಲೋ ಕೀವು ಇರಬೇಕು ಅಂತ ಬಿಟ್ಟೆ. ಈಗ ಜ್ವರ ಇಲ್ಲ, ಗಾಯ ಇಲ್ಲ, ಹಲ್ಲು ಕಿವಿ ಎಲ್ಲಾ ನೋಡೇನಿ, ಏನೂ ಇಲ್ಲ. ಆದ್ರೂ ಅದು ಹಂಗ ಐತಿ."

"ಹಂಗಾರ ಅದು ಎಲ್ಲಿಂದ ಬಂತ್ರಿ?" ಎಂದು ಕೇಳಿದೆ.

"ಕೊಬ್ಬಿನಿಂದ" ಎಂದರು. "ಕೊಬ್ಬಂದ್ರ ಸುಮ್ನ ಕುಂತಿರೋ ಗಂಟು ಅಂತ ನಾವು ತಿಳೀತೀವಿ. ಮಿತಿ ಮೀರಿ ತುಂಬಿದ ಮ್ಯಾಲೆ ಅದು ಸುಮ್ನ ಇರಂಗಿಲ್ರಿ. ತಾನ ಕೆಲವು ರಸ ಬಿಡ್ತೈತಿ. ಮೈಗೆ ಗಾಯ ಆದಾಗ ಹೆಂಗ ಕೆಂಪಾಗಿ ಬಾತು ಬಡದಾಡತೈತಿ, ಹಂಗ ಈಕಿ ಮೈ ಒಳಗಿಂದೊಳಗ ಗಾಯ ಇಲ್ಲದ ಬಡದಾಡಾಕತ್ತೈತಿ. ಸಣ್ಣಗ. ಹೊರಗ ಕಾಣಂಗಿಲ್ಲ. ಆ ಕುತ್ತಿಗಿ ಕಪ್ಪು ನೋಡೀರಲ್ಲ, ಅದು ಮಣ್ಣಲ್ಲ. ಮೈ ಇನ್ಸುಲಿನ್ ಮಾತು ಕೇಳವಲ್ದು ಅನ್ನೋ ಗುರುತು. ಇದು ಹಿಂಗ ವರ್ಷಾನುಗಟ್ಟಲೆ ನಡದ್ರ ಸಕ್ಕರಿ ಕಾಯಿಲೆ ಬರಬಹುದು, ಯಕೃತ್ತು ಕೆಡಬಹುದು, ಹೃದಯಕ್ಕ ತ್ರಾಸ ಆಗಬಹುದು. ಮಂಡಿಗಂತೂ ಭಾರದ್ದೂ ಕಾಟ, ಇದರದೂ ಕಾಟ."

ಅವರು ನನ್ನ ಮುಖ ನೋಡಿ ಸ್ವಲ್ಪ ಮೆತ್ತಗಾದರು.

"ಹೆದರಬ್ಯಾಡ್ರಿ. ಈ ವಯಸ್ಸಿನಾಗ ಹಿಡದ್ರ ಇದು ಇಳೀತೈತಿ. ಉಪವಾಸ ಕೆಡವಬ್ಯಾಡ್ರಿ, ಬೈಬ್ಯಾಡ್ರಿ. ಬೇಕರಿದು, ಕರದದ್ದು, ಸಕ್ಕರಿ ಹಾಲು ಬಿಡಸ್ರಿ. ಅನ್ನ ಕಡಿಮಿ ಮಾಡಿ ರೊಟ್ಟಿ, ಕಾಳು, ಪಲ್ಯ ಕೊಡ್ರಿ. ಮನಿ ಮಂದಿಯೆಲ್ಲ ಅದನ್ನ ಉಣ್ರಿ, ಆಕಿಗೆ ಬ್ಯಾರೆ ತಾಟು ಬ್ಯಾಡ. ಬೆಳಿಯೋ ಹುಡುಗಿ, ತೂಕ ಇದ್ದಲ್ಲೇ ನಿಂತ್ರೂ ಎತ್ತರ ಬೆಳದಂಗ ಸರಿ ಹೋಗತೈತಿ. ಆಟ ಆಡಸ್ರಿ, ಕುಸ್ತೀನೂ ಆಡಸ್ರಿ, ಅದು ಒಳ್ಳೇದ. ತೂಕದ ಸಲುವಾಗಿ ತಿನ್ನಿಸೋದು ಮಾತ್ರ ನಿಲ್ಲಸ್ರಿ." ಆಮೇಲೆ ಅಂದರು, "ಅವರವ್ವನ್ನ ಒಂದ್ಸಲ ಕರಕೊಂಡ್ ಬರ್ರಿ. ನಾ ಕುಂದ್ರಿಸಿ ಹೇಳ್ತೇನಿ."

"ಬ್ಯಾಡ್ರಿ, ನಾನ ಹೇಳ್ತೇನಿ" ಎಂದೆ.

ಇದನ್ನೆಲ್ಲ ನಾನು ಇಷ್ಟು ವಿವರವಾಗಿ ಬರೆಯಬಲ್ಲೆ. ನನಗೆ ಅರ್ಥವಾಗಿರಲಿಲ್ಲ ಎಂದು ಹೇಳಿಕೊಳ್ಳುವ ದಾರಿ ಅದರಿಂದಲೇ ಮುಚ್ಚಿಹೋಗುತ್ತದೆ.

ಬಸ್ಸಿನಲ್ಲಿ ನೀಲಾ ಕಿಟಕಿಯ ಪಕ್ಕ ಕೂತಿದ್ದಳು. ಹೊರಗೆ ಗದ್ದೆಗಳಲ್ಲಿ ನಾಟಿ ನಡೆದಿತ್ತು. "ಡಾಕ್ಟ್ರು ಏನಂದ್ರು ಅಕ್ಕೋರ?" ಎಂದು ಕೇಳಿದಳು. ಆಮೇಲೆ ನಾನು ಉತ್ತರಿಸುವ ಮೊದಲೇ, "ಕುಸ್ತಿ ಬಿಡು ಅಂದ್ರೇನ್ರಿ?" ಎಂದಳು. ಅವಳ ಭಯ ಅದೊಂದೇ. ಇಲ್ಲ ಎಂದೆ — ಅಷ್ಟು ನಿಜ. "ಬೆಳಿಯೋ ವಯಸ್ಸು, ಎಲುಬು ಬೆಳದಾಗ ನೋವು ಬರತೈತಿ" ಎಂದೆ. ಆ ಮಾತನ್ನು ಹೊಸೆದದ್ದು ಅಲ್ಲಿಯೇ. ಹೇಳಿ ಮುಗಿಸುವ ಹೊತ್ತಿಗೆ ಅದು ಎಷ್ಟು ಸಹಜವಾಗಿ ಕೇಳಿಸಿತೆಂದರೆ, ಅವಳ ತಾಯಿಗೂ ಇದನ್ನೇ ಹೇಳಬಹುದು ಎನಿಸಿತು.

ಶಿಗ್ಗಾಂವಿಯಲ್ಲಿ ರಾಜ್ಯ ಮಟ್ಟಕ್ಕೆ ಕಳಿಸುವ ಆಯ್ಕೆ ಸ್ಪರ್ಧೆ ಹತ್ತಿರ ಬಂದಿತ್ತು. ಅಲ್ಲಿಯವರೆಗೆ ಸುಮ್ಮನಿದ್ದು ಆಮೇಲೆ ಹೇಳೋಣ ಎಂದು ನನಗೆ ನಾನೇ ಹೇಳಿಕೊಂಡೆ. ಈಗ ಹೇಳಿದರೆ ಹಾಲವ್ವ ಹೆದರುತ್ತಾಳೆ, ಆಟ ಬಿಡಿಸುತ್ತಾಳೆ, ಹುಡುಗಿ ಮತ್ತೆ ಕೊನೆಯ ಸಾಲಿಗೆ ಹೋಗುತ್ತಾಳೆ — ಇವೆಲ್ಲ ಒಳ್ಳೆಯ ಕಾರಣಗಳಂತೆ ಕಾಣುತ್ತಿದ್ದವು. ಅವುಗಳ ಕೆಳಗೆ ಇದ್ದದ್ದು ಒಂದೇ: ತೂಕ ಇಳಿದರೆ ಅವಳು ಆ ವರ್ಗದಿಂದ ಇಳಿಯುತ್ತಾಳೆ, ಮತ್ತು ನನ್ನ ಹತ್ತಿರ ಗೆಲ್ಲುವ ಇನ್ನೊಬ್ಬ ಹುಡುಗಿ ಇರಲಿಲ್ಲ.

ಹಾಲವ್ವ ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದಳು. ನಾನು ಪಕ್ಕದಲ್ಲಿ ಕೂತು, "ಏನೂ ಇಲ್ರಿ. ಗಟ್ಟಿ ಅದಾಳ" ಎಂದೆ.

ಅವಳು ಕಣ್ಣು ಮುಚ್ಚಿ ತೆರೆದಳು. "ರಕ್ತದಾಗ ಏನೂ ಇಲ್ಲೇನ್ರಿ?"

"ಏನೂ ಇಲ್ಲ."

"ಹಂಗಾರ ಮೊದಲಿನಂಗ ಉಣ್ಣಾಕ ಹಾಕ್ಲೇನ್ರಿ? ಓಣ್ಯಾಗಿನ ಮಂದಿ ಏನೇನೋ ಅಂತಾರ. ಕಡಿಮಿ ಮಾಡ್ಲೋ ಏನೋ ಅಂತ ನನಗ ತಿಳಿವಲ್ದು."

ಅವಳೇ ಕೇಳಿದ್ದಳು. ನಿಜ ಹೇಳಲು ಅದಕ್ಕಿಂತ ಸುಲಭದ ಬಾಗಿಲು ಇರಲಿಲ್ಲ.

"ಹಾಕ್ರಿ" ಎಂದೆ. "ಬೆಳಿಯೋ ಹುಡುಗಿ."

ಹಾಲವ್ವ ಒಳಗೆ ಹೋಗಿ ನನಗೂ ನೀಲಾಳಿಗೂ ಊಟಕ್ಕೆ ಬಡಿಸಿದಳು. ನಾನು ಉಂಡೆ.

ಶಿಗ್ಗಾಂವಿಯಲ್ಲಿ ನೀಲಾ ಗೆದ್ದಳು. ಅವಳನ್ನು ಮೂಟೆ ಎನ್ನುತ್ತಿದ್ದ ಹುಡುಗರೇ ಅಲ್ಲಿಗೆ ಬಂದು ಹೆಗಲ ಮೇಲೆ ಎತ್ತಿಕೊಳ್ಳಲು ನೋಡಿದರು, ಆಗಲಿಲ್ಲ. ಎಲ್ಲರೂ ನಕ್ಕರು, ಅವಳೂ ನಕ್ಕಳು. ರಾಜ್ಯ ಮಟ್ಟದಲ್ಲಿ ಒಂದು ಗೆದ್ದು ಒಂದು ಸೋತಳು. ನಾನು ಅಂದುಕೊಂಡಂತೆಯೇ ಕಂಚಿನ ಪದಕ ಬಂತು. ಸವಣೂರಿನಲ್ಲಿ ಶಿಕ್ಷಕರ ಸಭೆಯೊಂದರಲ್ಲಿ ನನಗೆ ಶಾಲು ಹೊದಿಸಿದರು. ಮಾತಾಡಲು ಹೇಳಿದಾಗ, ಜನರು ಯಾವುದನ್ನು ಆ ಹುಡುಗಿಯ ಶಾಪ ಎಂದರೋ ಅದನ್ನೇ ನಾವು ಅವಳ ಬಲ ಮಾಡಿದೆವು ಎಂದೆ. ಚಪ್ಪಾಳೆ ತಟ್ಟಿದರು. ಮುಖ್ಯೋಪಾಧ್ಯಾಯರೂ ತಟ್ಟಿದರು.

ವೈದ್ಯರು ಮತ್ತೆ ಬರಲು ಹೇಳಿದ ದಿನ ನಾನು ಹೋಗಲಿಲ್ಲ. ಆಮೇಲೆ ಹೇಳೋಣ ಎಂದುಕೊಂಡದ್ದು ಪರೀಕ್ಷೆಯ ನಂತರಕ್ಕೆ ಹೋಯಿತು, ರಜೆಯ ನಂತರಕ್ಕೆ ಹೋಯಿತು. ಅಷ್ಟರಲ್ಲಿ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಗೂ ಉತ್ತರ ಬೇಕಾಗುತ್ತಿತ್ತು. ದಿನ ಕಳೆದಂತೆ ನಿಜ ಹೇಳುವುದು ಕಷ್ಟವಾಗುವುದಲ್ಲದೆ, ಹೇಳಬೇಕಾದದ್ದೊಂದಿದೆ ಎಂಬುದೂ ಮಸುಕಾಗುತ್ತದೆ… ನನಗಂತೂ ಹಾಗಾಯಿತು.

ಹತ್ತನೆಯ ತರಗತಿ ಮುಗಿಸಿ ನೀಲಾ ಕಾಲೇಜಿಗೆ ಹಾನಗಲ್ಲಿಗೆ ಹೋಗತೊಡಗಿದಳು. ಮಂಡಿ ತಾಳದೆ ಕುಸ್ತಿ ನಿಂತಿತು. ಆಟ ನಿಂತಿತೇ ಹೊರತು ತೂಕ ನಿಲ್ಲಲಿಲ್ಲ. ಒಮ್ಮೆ ಹಾನಗಲ್ ಬಸ್ ನಿಲ್ದಾಣದಲ್ಲಿ ಅವಳು ಕಂಬ ಹಿಡಿದು ಮೆಟ್ಟಿಲು ಹತ್ತುವುದನ್ನು ಕಂಡೆ. ಅವಳು ನನ್ನನ್ನು ನೋಡಿರಲಿಲ್ಲ. ಅಲ್ಲಿ ನಿಂತಿದ್ದ ಬಸ್ಸೊಂದರ ಆಚೆ ಬದಿಗೆ ನಾನು ಸರಿದೆ. ಸ್ವಲ್ಪ ಕಾಲದಲ್ಲಿ ನನಗೆ ಹಿರೇಕೆರೂರಿಗೆ ವರ್ಗವಾಯಿತು. ಗುಡ್ಡಪ್ಪನೂ ಗಿರಣಿಯ ಕೆಲಸ ಬಿಟ್ಟು, ಹೆಂಡತಿಯ ತವರೂರು ಚಿಕ್ಕೇರೂರಿನಲ್ಲಿ ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಹಿಡಿದು ಬೇಸಾಯಕ್ಕೆ ನಿಂತನೆಂದು ಕೇಳಿದೆ. ಚಿಕ್ಕೇರೂರು ಹಿರೇಕೆರೂರಿಗೆ ದೂರವೇನಲ್ಲ. ನಾನು ಅವರನ್ನು ನೋಡಲು ಹೋಗಲಿಲ್ಲ.

ಹಿರೇಕೆರೂರಿನಲ್ಲಿ ಶಿಕ್ಷಕರಿಗೆ ಒಮ್ಮೆ ಮಕ್ಕಳ ಆರೋಗ್ಯದ ಬಗ್ಗೆ ತರಬೇತಿ ಇಟ್ಟಿದ್ದರು. ತರುಣ ವೈದ್ಯೆಯೊಬ್ಬರು ಬಂದು, ಮಕ್ಕಳ ಬೊಜ್ಜಿಗೂ ಮೈಯೊಳಗಿನ ಉರಿಯೂತಕ್ಕೂ ಇರುವ ಸಂಬಂಧವನ್ನು ಹೇಳಿದರು. ಕುತ್ತಿಗೆಯ ಕಪ್ಪಿನ ಚಿತ್ರ ತೋರಿಸಿದರು. ಸುತ್ತಲಿನವರು ಬೆರಗಾಗಿ ಬರೆದುಕೊಳ್ಳುತ್ತಿದ್ದರು. ನನಗೆ ಬರೆದುಕೊಳ್ಳಲು ಹೊಸತೇನೂ ಇರಲಿಲ್ಲ.

ಇಲ್ಲಿಯವರೆಗಿನದು ಒಂದು ತಪ್ಪು. ಎರಡನೆಯದು ಹಂಸಭಾವಿಯಲ್ಲಿ ನಡೆಯಿತು. ಅದನ್ನು ಬರೆಯುವುದು ನನಗೆ ಹೆಚ್ಚು ಕಷ್ಟ.

ಸಹೋದ್ಯೋಗಿಯೊಬ್ಬರ ಮನೆಯ ಕಾರ್ಯಕ್ಕೆಂದು ಹೋದವಳು ಅಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಹಾಲವ್ವ ಎದುರಿಗೆ ಬಂದಳು. ಈ ಸಲ ಸರಿದುಕೊಳ್ಳಲು ಆಗಲಿಲ್ಲ. ನನ್ನ ಎರಡೂ ಕೈ ಹಿಡಿದುಕೊಂಡು ಬೆಂಚಿನ ಮೇಲೆ ಕೂರಿಸಿದಳು. ನೀಲಾಳಿಗೆ ಇಪ್ಪತ್ತು ತುಂಬುವ ಹೊತ್ತಿಗೆ ಸಕ್ಕರೆ ಕಾಯಿಲೆ ಬಂತು, ಈಗ ದಿನವೂ ಇನ್ಸುಲಿನ್ ಚುಚ್ಚಿಕೊಳ್ಳುತ್ತಾಳೆ, ಯಕೃತ್ತು ಗಡುಸಾಗತೊಡಗಿದೆ ಎಂದಿದ್ದಾರೆ — ಇದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು.

"ನಾನ ತಿನ್ನಿಸಿ ತಿನ್ನಿಸಿ ಹಿಂಗ ಮಾಡೇನ್ರಿ ಅಕ್ಕೋರ. ಈಗಿನ ಡಾಕ್ಟ್ರು ಬೈದ್ರು, ಸಣ್ಣಾಕಿದ್ದಾಗ ಯಾಕ ತೋರಿಸ್ಲಿಲ್ಲ ಅಂತ. ತೋರಿಸಿದ್ವಿರಿ, ನಮ್ಮ ಅಕ್ಕೋರು ಕೈ ಹಿಡದು ಕರಕೊಂಡ್ ಹೋಗಿದ್ರು, ಹಾನಗಲ್ಲಿನ ಡಾಕ್ಟ್ರು ಎರಡೆರಡು ಸಲ ರಕ್ತ ತಗದ್ರೂ ಏನೂ ಇಲ್ಲ ಅಂದ್ರು ಅಂತ ಹೇಳಿದ್ನಿ. ಆ ಹಾನಗಲ್ಲಿನಂವಗ ನೋಡಾಕ ಬಂದಿಲ್ರಿ. ನಾ ನಮ್ಮ ಮಂದಿಗೆಲ್ಲ ಹೇಳೇನಿ, ಅಂವನ ಹಂತೇಕ ಮಕ್ಕಳನ್ನ ಒಯ್ಯಬ್ಯಾಡ್ರಿ ಅಂತ."

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನೂ ಏನಾದರೂ ಅನ್ನಬೇಕಿತ್ತು.

"ಕೆಲವರು ಹಂಗ ಇರ್ತಾರ್ರಿ" ಎಂದೆ.

ಮೊದಲ ಸಲ ನಾನು ಸುಳ್ಳು ಹೇಳಿದಾಗ ಅದು ಮುಂದೆ ಏನಾಗುತ್ತದೆ ಎಂದು ಕಣ್ಣಾರೆ ಕಂಡಿರಲಿಲ್ಲ. ಇಲ್ಲಿ ಕಂಡಿದ್ದೆ. ಮಗಳ ಕಾಯಿಲೆಗೆ ತಾಯಿ ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಸರಿಯಾಗಿ ನೋಡಿ ಸರಿಯಾಗಿ ಹೇಳಿದ್ದ ಮನುಷ್ಯನ ಹೆಸರು ಕೆಡುತ್ತಿತ್ತು. ಇಬ್ಬರ ಮೇಲಿನ ಆ ಭಾರವನ್ನು ಒಂದು ವಾಕ್ಯದಿಂದ ಇಳಿಸಬಹುದಿತ್ತು. ನಾನು ಅದರ ಮೇಲೆ ಇನ್ನಷ್ಟು ಹೇರಿದೆ, ಬಸ್ಸು ಬಂತೆಂದು ಎದ್ದೆ. ಆ ವೈದ್ಯರು ಅದಾದ ಕೆಲವು ತಿಂಗಳಿಗೆ ತೀರಿಕೊಂಡರು. ಅವರ ಹತ್ತಿರ ಕ್ಷಮೆ ಕೇಳುವ ಅವಕಾಶ ಹಾಗೆ ಮುಗಿಯಿತು.

ಈ ವರ್ಷ ಬೇಸಿಗೆಯಲ್ಲಿ ನೀಲಾಳ ಫೋನು ಬಂತು. ನನ್ನ ನಂಬರನ್ನು ಯಾರಿಂದಲೋ ಪಡೆದಿದ್ದಳು. ದನಿ ಬದಲಾಗಿರಲಿಲ್ಲ. ಬೀಜದ ಕಂಪನಿಯೊಂದರ ಗೋದಾಮಿನಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತೇನೆ, ರವಿವಾರ ಊರಿನ ಹುಡುಗಿಯರಿಗೆ ಕುಸ್ತಿಯ ಪಟ್ಟು ಹೇಳಿಕೊಡುತ್ತೇನೆ ಎಂದಳು. "ನೀವು ಕಲಿಸಿದಂಗ ಕಲಸ್ತೇನ್ರಿ. ನಾ ಕುರ್ಚಿ ಮ್ಯಾಲೆ ಕುಂತ ಹೇಳ್ತೇನಿ, ಅವು ಮಾಡ್ತಾವು." ಆಮೇಲೆ ವಿಷಯಕ್ಕೆ ಬಂದಳು. ಆ ಹುಡುಗಿಯರಲ್ಲಿ ಲಕ್ಷ್ಮಿ ಎಂಬುವಳು ಇವಳಂತೆಯೇ ದಪ್ಪ. ಕೆಲವು ದಿನಗಳಿಂದ ದಣಿಯುತ್ತಾಳೆ, ಮಂಡಿ ನೋವು ಎನ್ನುತ್ತಾಳೆ.

"ಅವರವ್ವ ಹೆದರ್ಯಾಳ್ರಿ. ನಾ ಅಂದ್ನಿ, ಹೆದರಬ್ಯಾಡ, ನನಗೂ ಆ ವಯಸ್ಸಿನಾಗ ಹಂಗ ಆಗಿತ್ತು, ರಕ್ತ ತಗಸಿದ್ರೂ ಏನೂ ಇರಲಿಲ್ಲ, ಬೆಳಿಯೋ ವಯಸ್ಸು ಅಂದ್ರು ಅಂತ. ಆದ್ರೂ ನಿಮ್ಮನ್ನೊಂದ್ ಮಾತ ಕೇಳೂಣು ಅಂತ ಮಾಡಿದ್ನಿ. ದವಾಖಾನಿಗೆ ಕಳಸೋದೇನು ಬ್ಯಾಡಲ್ರಿ?"

ಬಸ್ಸಿನಲ್ಲಿ ನಾನು ಹೊಸೆದ ವಾಕ್ಯ ಅವಳ ಬಾಯಲ್ಲಿ ಹಾಗೆಯೇ ಇತ್ತು. ಅದನ್ನು ಅವಳು ಇನ್ನೊಬ್ಬ ತಾಯಿಗೆ ಕೊಟ್ಟಾಗಿತ್ತು.

"ಬೇಕು" ಎಂದೆ. "ಕರಕೊಂಡ್ ಹೋಗು, ರಕ್ತ ತಗಸು. ನಾ ರವಿವಾರ ಬರ್ತೇನಿ. ನಿಮ್ಮವ್ವಗ ಮನ್ಯಾಗ ಇರಾಕ ಹೇಳು."

ಫೋನಿನಲ್ಲೇ ಹೇಳಿಬಿಡಬಹುದಿತ್ತು. ಎದುರಿಗೆ ಹೇಳಬೇಕು ಎನಿಸಿತೋ, ಇನ್ನೂ ನಾಲ್ಕು ದಿನ ಸಿಗುತ್ತದೆ ಎನಿಸಿತೋ — ಎರಡೂ ಇರಬೇಕು.

ಚಿಕ್ಕೇರೂರಿನ ಅವರ ಮನೆ ಊರ ತುದಿಯಲ್ಲಿದೆ. ಅಂಗಳದಲ್ಲಿ ಗೋವಿನಜೋಳ ಒಣಗಲು ಹಾಕಿದ್ದರು. ಗುಡ್ಡಪ್ಪ ಹೊಲಕ್ಕೆ ಹೋಗಿದ್ದ. ನೀಲಾ ಕುರ್ಚಿಯಿಂದ ಎದ್ದು ನನ್ನ ಕಾಲು ಮುಟ್ಟಲು ಬಗ್ಗಿದಳು, ಮಂಡಿ ಬಗ್ಗಲಿಲ್ಲ. ನಾನು ತಡೆದು ಕೂರಿಸಿದೆ. ಹಾಲವ್ವ ಚಹಾ ಇಡಲು ಹೊರಟಾಗ, "ಮೊದಲ ನಾ ಹೇಳೋದು ಕೇಳ್ರಿ" ಎಂದೆ.

ಹೇಳಿದೆ. ವೈದ್ಯರ ಕೋಣೆಯಲ್ಲಿ ಕೇಳಿದ್ದನ್ನು ಕೇಳಿದಂತೆಯೇ ಹೇಳಿದೆ. ನಾನು ಕಟ್ಟೆಯ ಮೇಲೆ ಅಂದದ್ದನ್ನು ಹೇಳಿದೆ. ಯಾಕೆ ಅಂದೆ ಎಂಬುದನ್ನೂ ಹೇಳಿದೆ — ನನಗೊಂದು ಪದಕ ಬೇಕಾಗಿತ್ತು ಎಂದು. ಹಂಸಭಾವಿಯ ಮಾತನ್ನೂ ಬಿಡಲಿಲ್ಲ. ಹೇಳುವಾಗ ನನ್ನ ದನಿ ಒಡೆಯಲಿಲ್ಲ, ಅಳು ಬರಲಿಲ್ಲ. ಪಾಠ ಒಪ್ಪಿಸಿದಂತೆ ಒಪ್ಪಿಸಿದೆ. ಅದಕ್ಕೆ ಅವರು ಏನೆಂದುಕೊಂಡರೋ ತಿಳಿಯದು.

ನೀಲಾ ಕೇಳಿದಳು, "ಅವತ್ತ ಹೇಳಿದ್ರ ಇದು ಬರತಿರಲಿಲ್ಲೇನ್ರಿ?"

"ಖಾತ್ರಿ ಹೇಳಾಕ ಬರಂಗಿಲ್ಲ. ಆಗ ಹಿಡದ್ರ ಇಳೀತೈತಿ ಅಂತ ಅವರು ಅಂದಿದ್ರು."

"ಕುಸ್ತಿ ಬಿಡಬೇಕಾಗ್ತಿತ್ತೇನು?"

"ಇಲ್ಲ. ಆಡಸ್ರಿ ಅಂದಿದ್ರು. ಕೆಳಗಿನ ತೂಕಕ್ಕ ಇಳೀತಿದ್ದಿ, ಅಷ್ಟ."

ಅವಳು ತನ್ನ ಅಂಗೈ ನೋಡಿಕೊಂಡಳು. "ಸೋಲ್ತಿದ್ನಿ" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಸೋತ್ರೂ ಇನ್ನೊಂದಿಷ್ಟು ವರ್ಷ ಆಡ್ತಿದ್ನಿ" ಎಂದಳು.

ಕ್ಷಮಿಸು ಎಂಬ ಮಾತು ಬಾಯಿಯವರೆಗೆ ಬಂತು. ಅದನ್ನು ಕೇಳಿದರೆ ಏನಾದರೂ ಒಂದು ಹೇಳುವ ಕೆಲಸ ಅವಳ ಮೇಲೆ ಬೀಳುತ್ತದೆ ಎನಿಸಿ ಸುಮ್ಮನಾದೆ.

ಹಾಲವ್ವ ಅಷ್ಟು ಹೊತ್ತೂ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವಳು ಬೈಯಬಹುದು ಎಂದುಕೊಂಡಿದ್ದೆ. "ಆ ಡಾಕ್ಟ್ರಿಗೆ ನಾ ಎಷ್ಟ್ ಬೈದೇನ್ರಿ" ಎಂದಳು. "ಸತ್ತ ಸುದ್ದಿ ಬಂದಾಗೂ ಬೈದ್ನಿ." ಆಮೇಲೆ ಒಳಗೆ ಹೋದಳು. ಪಾತ್ರೆಗಳ ಸದ್ದೂ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದು, "ನಿಮಗ ಬಸ್ಸಿನ ಹೊತ್ತಾತ್ರಿ" ಎಂದಳು. ಅಕ್ಕೋರ ಎನ್ನಲಿಲ್ಲ.

ಹೊರಡುವ ಮೊದಲು ಲಕ್ಷ್ಮಿಯ ವಿಷಯ ನೆನಪಿಸಿದೆ. ನೀಲಾ ತಲೆ ಎತ್ತದೆ ಹೂಂ ಎಂದಳು.

ಬಸ್ ನಿಲ್ದಾಣದವರೆಗೆ ನಡೆಯುವಾಗ ಮನಸ್ಸು ಹಗುರಾಗಬಹುದೆಂದು ಎದುರು ನೋಡುತ್ತಿದ್ದೆ ಎಂಬುದು ನನಗೇ ತಿಳಿಯಿತು. ಹಾಗೇನೂ ಆಗಲಿಲ್ಲ. ಹಗುರಾಗುವುದಕ್ಕೆ ನಾನು ಹೋಗಿದ್ದರೆ, ಅದೂ ಮತ್ತೆ ನನಗಾಗಿಯೇ ಹೋದಂತಾಗುತ್ತಿತ್ತು.

ಆ ವಾರ ನಾನು ಮೂರ್ನಾಲ್ಕು ಸಲ ಫೋನು ಮಾಡಿದೆ. ಅವಳು ಎತ್ತಲಿಲ್ಲ. ಅದರ ಮುಂದಿನ ವಾರ ತಾನೇ ಮಾಡಿದಳು.

"ಲಕ್ಷ್ಮಿನ ತೋರಿಸಿದ್ನಿ" ಎಂದಳು. "ನನಗ ಆಗಿದ್ದ ಆಕಿಗೂ ಐತಂತ. ಈಗ ಹಿಡದ್ರ ಇಳೀತೈತಿ ಅಂದಾರ. ಅವರವ್ವನ್ನ ಒಳಗ ಕರಸಿ, ಡಾಕ್ಟ್ರ ಬಾಯಿಂದನ ಕೇಳಸೇನಿ. ತಿಳೀಲಿಲ್ಲ ಅಂದಾಗ ಇನ್ನೊಮ್ಮೆ ಹೇಳಸೇನಿ."

"ಚಲೋ ಮಾಡಿದಿ" ಎಂದೆ.

"ನಿಮಗ ತಿಳಿಸಬೇಕಿತ್ತು, ತಿಳಿಸಿದ್ನಿ. ಇನ್ನ ನೀವು ಫೋನ್ ಮಾಡಬ್ಯಾಡ್ರಿ."

ಆಗಲಿ ಎಂದೆ. ನಾನು ಮತ್ತೆ ಮಾಡಿಲ್ಲ.